ಸೋತ ತಂಡದ ಫೋಟೊ

ಗಾಜು ಒರೆಸುವ ಸ್ಪ್ರೇಯ ವಾಸನೆ ಬಂದರೆ ಈಗಲೂ ಗಲ್ಫಿನ ಬೌಷರ್‌ನಲ್ಲಿದ್ದ ನಮ್ಮ ಫ್ಲ್ಯಾಟಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಕೆಲಸ ಹೋಯಿತೆಂದು ಅಪ್ಪ ಬೇಗನೆ ಮನೆಗೆ ಬಂದಿದ್ದರು. ಬಂದವರೇ ಗೋಡೆಯ ಫೋಟೊ ಇಳಿಸಿ ಒರೆಸತೊಡಗಿದರು. ಅಮೆರಿಕನ್ ಮ್ಯಾನೇಜರೊಬ್ಬರು ಊರಿಗೆ ಮರಳುವಾಗ ಕೊಟ್ಟಿದ್ದ, ನೂರು ವರ್ಷ ಹಿಂದಿನ ಬೇಸ್‌ಬಾಲ್ ತಂಡದ ಫೋಟೊ ಅದು. ಆ ಆಟಗಾರರ ಕಥೆ ಕೇಳಿ ಕೇಳಿ ನಮಗೆ ಸಾಕಾಗಿಹೋಗಿತ್ತು.

“ವೀಸಾ ಎಷ್ಟು ದಿನ ಉಂಟಂತೆ?” ಎಂದಳು ಅಮ್ಮ.

“ಇವ ಚೆಂಡು ಎಸೆಯುವವ,” ಎಂದರು ಅಪ್ಪ, ಫೋಟೊದಲ್ಲಿ ಒಬ್ಬನತ್ತ ಬೆರಳು ತೋರಿಸಿ. “ಆ ವರ್ಷ ಇವರು ಸೋತದ್ದೇ ಸೋತದ್ದು. ಆದ್ರೂ ಮರುದಿನ ಮೈದಾನಕ್ಕೆ ಬರ್ತಿದ್ರು.”

“ಅಯ್ಯೋ ಮಾರಾಯ್ರೆ, ಸತ್ತವರ ಪುರಾಣ ಖಲಾಸ್ ಮಾಡಿ! ನಾಳೆ ನೀವು ಎಲ್ಲಿಗೆ ಹೋಗ್ತೀರಿ, ಅದು ಹೇಳಿ.”

ಅಪ್ಪ ಗಾಜಿಗೆ ಇನ್ನೊಮ್ಮೆ ಸ್ಪ್ರೇ ಹೊಡೆದರು. ಅಮ್ಮ ಗೊಣಗುತ್ತಲೇ ಒಳಗೆ ಹೋಗಿ, ಮರುದಿನಕ್ಕೆಂದು ಅವರ ಬಿಳಿ ಅಂಗಿಗೆ ಇಸ್ತ್ರಿ ಹಾಕತೊಡಗಿದಳು.