ಪುಕ್ಕಟೆ ಕನಸುಗಳ ರಾಶಿ

ಶಂಕ್ರವ್ವನ ಖಾನಾವಳಿಯ ಹೊಸ ಬೋರ್ಡಿಗೆ ಒಂದು ಚಿತ್ರ ಬೇಕಿತ್ತು. ಬಾಡಿಗೆ ಚಿತ್ರಗಳ ಗೊಡವೆ ಬೇಡವೆಂದು ಅವಳು ಮೊಬೈಲಿನಲ್ಲಿ ಪುಕ್ಕಟೆ ಕನಸುಗಳ ರಾಶಿಯನ್ನೇ ತೆರೆದಳು. ಬೆಳಿಗ್ಗೆ ಎದ್ದವರು, ರಾತ್ರಿಯ ಕನಸು ಹಿಡಿದಿಟ್ಟು ‘ಯಾರದು?’ ಎಂದು ಕೇಳುವ ದಿಂಬಿನ ಪಕ್ಕದ ಪೆಟ್ಟಿಗೆಗೆ ‘ನಂದು’ ಅನ್ನದೆ ಬಿಟ್ಟ ಕನಸುಗಳೆಲ್ಲ ಮಧ್ಯಾಹ್ನದ ಹೊತ್ತಿಗೆ ಚಿತ್ರಗಳಾಗಿ ಅಲ್ಲಿ ಬಂದು ಬೀಳುತ್ತಿದ್ದವು. ಯಾರು ಬೇಕಾದರೂ ಬಳಸಬಹುದಿತ್ತು.

‘ರೊಟ್ಟಿ’ ಎಂದು ಹುಡುಕಿದಳು. ಸೀದ ರೊಟ್ಟಿಗಳು, ಹಾರುವ ರೊಟ್ಟಿಗಳು. ಅವುಗಳ ನಡುವೆ ಒಬ್ಬ ಹುಡುಗಿ ಒಲೆಯ ಪಕ್ಕ ಕೂತು, ಗಲ್ಲಕ್ಕೆಲ್ಲ ಶೇಂಗಾ ಚಟ್ನಿ ಮೆತ್ತಿಕೊಂಡು ನಗುತ್ತಿದ್ದಳು.

ಕಸ್ತೂರಿ. ಹೋದ ವರ್ಷ ಜ್ವರದಲ್ಲಿ ತೀರಿಕೊಂಡ ಮಗಳು. ಒಲೆಯೂ ಇದೇ ಒಲೆ, ಗಂಡ ಈರಪ್ಪ ದಿನಾ ಉಣ್ಣಲು ಕೂರುವ ಮೂಲೆಯಿಂದ ಕಂಡ ಹಾಗೆ. ಬೆರಳಾಡಿಸಿದರೆ ಇನ್ನೊಂದು, ಮತ್ತೊಂದು. ಒಂದನ್ನು ಯಾರೋ ಆಗಲೇ ಹಲ್ಲುಪುಡಿಯ ಡಬ್ಬಿಗೆ ಬಳಸಿಕೊಂಡಿದ್ದರು.

ಶಂಕ್ರವ್ವನಿಗೆ ಅಳು ಬರಲಿಲ್ಲ. ಬೆಳಕು ಚೆನ್ನಾಗಿದ್ದುದನ್ನು ಆರಿಸಿ ಈರಪ್ಪನ ಮುಂದೆ ಹಿಡಿದಳು.

“ಇದನ್ನ ಹಾಕೂಣೇನ್ರೀ?”

ಆತ ಬಹಳ ಹೊತ್ತು ನೋಡಿದ. “ಎಲ್ಲೆ ಸಿಕ್ತು?”

“ಪುಕ್ಕಟೆದ್ದು. ಯಾರೂ ನಂದು ಅಂದಿಲ್ಲಂತ.”

“ಹಾಕು,” ಎಂದು ಆತ ಕೊಡ ಎತ್ತಿಕೊಂಡು ನೀರಿಗೆ ಹೋದ.

ಮರುದಿನ ನಸುಕಿನಲ್ಲಿ ಅವನ ಪೆಟ್ಟಿಗೆ ಕೇಳಿತು, “ಈ ಕನಸು ಯಾರದು?”

“ನನಗ ಕನಸ ಬಿದ್ದಿಲ್ಲ,” ಎಂದು ಎಂದಿನಂತೆ ಗೊಣಗಿ ಈರಪ್ಪ ಎದ್ದು ಹೋದ. ಪೆಟ್ಟಿಗೆಯ ದೀಪ ಇನ್ನೂ ಮಿನುಗುತ್ತಿತ್ತು.

ಶಂಕ್ರವ್ವ ಅವನ ಬೆಚ್ಚಗಿನ ದಿಂಬಿನ ಮೇಲೆ ಬಾಗಿ ಮೆಲ್ಲಗೆ ಅಂದಳು, “ನಂದು.”