ಪಿಂಗಾಣಿ ಭರಮವ್ವ

ಮುದುಕ ಗಾಜಿನ ಕಪಾಟಿನ ಮುಂದೆ ನಿಂತು ಬಹಳ ಹೊತ್ತಾಗಿತ್ತು. ಗೋಕಾಕದ ತನ್ನ ಅಂಗಡಿಗೆ ಬಂದವನನ್ನು ಸುವರ್ಣಾ ನೋಡಿದ ಕೂಡಲೇ ಗುರುತಿಸಿದ್ದಳು. ಸಿದ್ರಾಯ. ಅವಳು ಚಿಕ್ಕವಳಿದ್ದಾಗ ಅವಳ ಅವ್ವನ ತಲೆ ಬೋಳಿಸಿದವನು.

ಕಪಾಟಿನಲ್ಲಿದ್ದವು ಅವಳೇ ಮಾಡಿದ ಪಿಂಗಾಣಿ ಗೊಂಬೆಗಳು. ಶತಮಾನಗಳ ಹಿಂದೆ ಪರದೇಶದ ನ್ಯಾಯಾಲಯಗಳು ಮಾಟಗಾತಿಯರೆಂದು ಗಲ್ಲಿಗೇರಿಸಿದ ಹೆಂಗಸರು. ಪುಣೆ, ಮುಂಬೈಯ ಸಂಗ್ರಾಹಕರು ಕಾದು ಕೊಳ್ಳುತ್ತಿದ್ದರು. ಎಲ್ಲ ಮುಖಗಳೂ ಊಹೆಯವು, ಕೊನೆಯದೊಂದನ್ನು ಬಿಟ್ಟು. ಇಳಕಲ್ ಸೀರೆ, ಬರಿಹಣೆ, ನೇರ ನೋಟ, ತಲೆಗೆ ನಿಜವಾದ ಕೂದಲು. ಅದು ಅವಳ ಅವ್ವ ಭರಮವ್ವ.

ನಾಗನೂರಿನ ಆಚೆಯ ಹಳ್ಳಿಯೊಂದರಲ್ಲಿ ಸಿದ್ರಾಯನ ಮಗು ಜ್ವರ ಬಂದು ಸತ್ತಿತ್ತು. ಹಿಂದಿನ ದಿನ ಅದನ್ನು ಎತ್ತಿ ಆಡಿಸಿದವಳು ಪಕ್ಕದ ಮನೆಯ ವಿಧವೆ ಭರಮವ್ವ. ಮಾಟಗಾತಿ ಎನ್ನಲು ಅಷ್ಟೇ ಸಾಕಾಯಿತು. ಬೋಳು ತಲೆಗೆ ಸೆರಗು ಹೊದ್ದು, ಮಗಳ ಕೈ ಹಿಡಿದು ಅವಳು ಊರು ಬಿಟ್ಟಳು. ಹುಕ್ಕೇರಿಯಲ್ಲಿ ಕೂಲಿ ಮಾಡಿ ಮಗಳನ್ನು ಓದಿಸಿದಳು. ಆ ಊರಿನ ಹೆಸರನ್ನು ಮತ್ತೆ ಎತ್ತಲಿಲ್ಲ.

“ಕೂದಲಾ ಯಾರವು?” ಆ ಗೊಂಬೆಯನ್ನು ತೋರಿಸಿ ಸಿದ್ರಾಯ ಕೇಳಿದ.

“ಆಕೀವೇ ರಿ. ಬಾಚಿದಾಗ ಉದುರಿದ್ದು.”

“ಹಂಗಾರ ಇನ್ನೂ ಜೀವಂತ ಅದಾಳ.”

ಅವನ ಕಣ್ಣು ತುಂಬಿದವು. ಬೈಯಬೇಕೆಂದು ವರ್ಷಗಟ್ಟಲೆ ಮಾತು ಕೂಡಿಟ್ಟಿದ್ದ ಸುವರ್ಣಾ ಅವನಿಗೆ ಕುರ್ಚಿ ಎಳೆದುಕೊಟ್ಟಳು.

“ಇದನ್ನ ನನಗ ಕೊಡ್ರಿ, ತಂಗಿ,” ಎಂದ ಅವನು. “ಆಕಿಗೆ ಮಾಡಬೇಕಾದ್ದೊಂದು ಉಳದೈತಿ. ಅದನ್ನ ಮಾಡದ ನನಗ ಸಮಾಧಾನ ಇಲ್ಲ.”

ಪುಣೆಗೆ ಹೋಗಬೇಕಿದ್ದ ಗೊಂಬೆ. ಸುವರ್ಣಾ ಅದನ್ನು ಹತ್ತಿಯಲ್ಲಿ ಸುತ್ತಿ ಅವನ ಕೈಗಿಟ್ಟಳು. ಬೆಲೆ ಕೇಳಿದರೆ ಬೇಡವೆಂದಳು. ತಾನು ಯಾರೆಂದು ಮಾತ್ರ ಹೇಳಲಿಲ್ಲ.

ಸಂಜೆ ಅವ್ವನಿಗೆ ಎಲ್ಲ ತಿಳಿಸಿದಳು. ಭರಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಕೊನೆಯ ರೊಟ್ಟಿ ಹಂಚಿನಿಂದ ಇಳಿದ ಮೇಲೆ, ಅವನು ಖರೇನೇ ಅತ್ತನೇ ಎಂದು ಕೇಳಿದಳು.

ಮುಂದಿನ ವಾರ ತಾನಾಗಿಯೇ ಒಳ್ಳೆಯ ಸೀರೆ ಉಟ್ಟು ನಿಂತಳು. ಅವನನ್ನು ಕಂಡು ಬರೋಣ, ಮಗು ಕಳಕೊಂಡವನ ಸಂಕಟ ಅವತ್ತು ತನ್ನ ಕಣ್ಣಿಗೂ ಬಿದ್ದಿರಲಿಲ್ಲ ಎಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಗಳ ಕೈ ಬಿಡಲಿಲ್ಲ.

ಸಿದ್ರಾಯ ಹೊಲಕ್ಕೆ ಹೋಗಿದ್ದ. ಅವನ ಸೊಸೆ ವಿದ್ಯಾಗೆ ಇವರ ಪರಿಚಯವಿರಲಿಲ್ಲ. ಆದರೂ ಅಕ್ಕರೆಯಿಂದ ಒಳಗೆ ಕರೆದು ನೀರು ಕೊಟ್ಟಳು, ಚಹಾಕ್ಕಿಟ್ಟಳು. ಭರಮವ್ವನ ಕಣ್ಣು ಗೋಡೆಯ ಗೂಡುಗಳಲ್ಲಿ, ದೇವರ ಜಗಲಿಯ ಮೇಲೆ ಹುಡುಕಾಡಿತು. ಗೊಂಬೆ ಎಲ್ಲೂ ಕಾಣಲಿಲ್ಲ. ಮಾವ ಗೋಕಾಕದಿಂದ ತಂದ ಗೊಂಬೆ ಎಲ್ಲಿದೆಯೆಂದು ಕೊನೆಗೆ ಕೇಳಿಯೇಬಿಟ್ಟಳು.

ವಿದ್ಯಾ ಹತ್ತಿರ ಸರಿದು ಕೂತು, ಮುದುಕಿಯ ಕೈಗೆ ಕಪ್ಪು ಕೊಟ್ಟಳು.

“ಊರ ಗಡ್ಯಾಗ ತಲಿಕೆಳಗ ಮಾಡಿ ಹುಗದಾರ್ರಿ, ಸುತ್ತ ಕಬ್ಬಿಣದ ಮೊಳಿ ಬಡದು. ಅಂಜಬ್ಯಾಡ್ರಿ ಆಯಿ, ಚಹಾ ಕುಡೀರಿ. ಆ ಮಾಟಗಾತಿಗೆ ಇನ್ನ ಈ ಊರಾಗ ಕಾಲ ಇಡಾಕ ಆಗಾಂಗಿಲ್ಲ.”