ನಂಬರಿಲ್ಲದ ಕೊಠಡಿಗಳು

"ಸಾಫ್ಟ್‌ವೇರ್ ಸರಿಯಾಗಿದೆ, ತಪ್ಪು ಆಪರೇಟರ್‌ದು ಅಂತ ಒಂದು ಲೆಟರ್ ಬರ್ಕೊಟ್ಬಿಡಿ ಕೈಲಾಸ್. ಸೋಮವಾರದಿಂದ ಬೇರೆ ಹುಡುಗಿ ಬರ್ತಾಳೆ," ಎಂದರು ಶಾಂತವೀರಪ್ಪ. ಜಯನಗರದ ಆ ಮಹಿಳಾ ವಿದ್ಯಾರ್ಥಿನಿಲಯಕ್ಕೆ ಅವರು ಕಾರ್ಯದರ್ಶಿ. ತಪ್ಪು ಹೊತ್ತ ಆಪರೇಟರ್ ಜಯದೇವಿ ಮೂರಡಿ ದೂರದಲ್ಲಿ ಕಂಪ್ಯೂಟರಿನ ಮುಂದೆಯೇ ಕೂತಿದ್ದರು. ಐವತ್ತೆರಡು ವರ್ಷ ವಯಸ್ಸು, ಹತ್ತೊಂಬತ್ತು ವರ್ಷದ ಸರ್ವಿಸು. ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

ಆಗಿದ್ದಿಷ್ಟು. ಒಂದೇ ವಾರದಲ್ಲಿ ನಾಲ್ವರು ಹುಡುಗಿಯರಿಗೆ ತಪ್ಪು ಕೊಠಡಿ ಕೊಟ್ಟಾಗಿತ್ತು. ಆಗಲೇ ಇಬ್ಬರಿದ್ದ ಕೊಠಡಿಗೆ ಇನ್ನಿಬ್ಬರು ಟ್ರಂಕು ಹಿಡಿದು ಬಂದಿದ್ದರು, ಹಿಂದೆಯೇ ಅವರ ಅಪ್ಪಂದಿರು. ಕೊಠಡಿಗಳಿಗೆ ನಂಬರ್ ಹಾಕಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ಆದರೆ ಪ್ರತಿ ಕೊಠಡಿಯೂ ಒಂದೊಂದು ಮನೆತನದವರು ತೀರಿಕೊಂಡ ಹಿರಿಯರ ಹೆಸರಿನಲ್ಲಿ ಕಟ್ಟಿಸಿಕೊಟ್ಟದ್ದು. ನಂಬರ್ ಹಾಕಿದರೆ ಒಬ್ಬರ ಅಪ್ಪ ಒಂದನೆಯವರು, ಇನ್ನೊಬ್ಬರ ಅಪ್ಪ ಕೊನೆಯವರು. ಆ ಜಗಳ ಬಿಡಿಸಲು ಯಾವ ಕಾರ್ಯದರ್ಶಿಯ ಕೈಲೂ ಆಗದು.

ಲೆಟರ್ ಬರೆದುಕೊಡುವುದು ಕೈಲಾಸ್‌ಗೆ ಸುಲಭವೇ ಇತ್ತು. ಕೊಠಡಿ ಹಂಚುವ ಈ ಪ್ರೋಗ್ರಾಂ, ಜೆ.ಪಿ. ನಗರದ ಆಫೀಸಿನಲ್ಲಿ ಕೂತು ಅವನು ಪೂರ್ತಿ ತಾನೇ ಬರೆದ ಮೊದಲನೆಯದು. ಅದರ ಮೇಲೆ ಮಾತು ಬರುವುದು ಅವನಿಗೂ ಬೇಕಿರಲಿಲ್ಲ. ಆದರೂ ನೋಡದೆ ಸಹಿ ಹಾಕಲು ಮನಸ್ಸು ಒಪ್ಪಲಿಲ್ಲ.

"ಮೇಡಂ, ಒಂದು ಎಂಟ್ರಿ ಮಾಡಿ ತೋರಿಸ್ತೀರಾ?"

ಜಯದೇವಿ ಒಬ್ಬ ಹುಡುಗಿಯ ಹೆಸರು ಟೈಪ್ ಮಾಡಿ, ಕೊಠಡಿಗಳ ಪಟ್ಟಿ ತೆರೆದರು. ಆಮೇಲೆ ಪರದೆಯ ಕಡೆ ನೋಡಲೇ ಇಲ್ಲ. ಮೇಜಿನ ಗಾಜಿನ ಕೆಳಗೆ ನಾಲ್ಕು ತಿಂಗಳ ಹಿಂದೆ ಕೈಲಾಸನೇ ಪ್ರಿಂಟ್ ಹಾಕಿ ಕೊಟ್ಟಿದ್ದ ಕೊಠಡಿಗಳ ಹಾಳೆ ಇತ್ತು. ಅದನ್ನು ನೋಡಿಕೊಂಡು, ಬೆರಳಿನ ಗೆಣ್ಣು ಎಣಿಸುತ್ತ, ಕೆಳಮುಖದ ಬಾಣದ ಕೀಲಿಯನ್ನು ಒಂಬತ್ತು ಸಲ ಒತ್ತಿದರು.

"ಓದಿ ಸೆಲೆಕ್ಟ್ ಮಾಡಲ್ವಾ ಮೇಡಂ?"

"ಏನ್ ಓದ್ಲಿ ಸಾರ್? ಎಲ್ಲಾ ಒಂದೇ ಥರ ಇದೆ."

ಕೈಲಾಸ್ ಬಗ್ಗಿ ನೋಡಿದ. ಪಟ್ಟಿಯಲ್ಲಿ ಮೇಲಿಂದ ಕೆಳಗಿನವರೆಗೆ 'ಲಿಂಗೈಕ್ಯ ಶರಣ ಶ್ರೀ', 'ಲಿಂಗೈಕ್ಯ ಶರಣ ಶ್ರೀ', ಹದಿನೈದು ಸಲ. ಯಾರೆಂಬುದು ಬರುವಷ್ಟರಲ್ಲಿ ಪಟ್ಟಿಯ ಅಗಲವೇ ಮುಗಿದುಹೋಗಿತ್ತು. ಆಫೀಸಿನಲ್ಲಿ ಅವನು ಪರೀಕ್ಷೆಗೆಂದು ಹಾಕಿ ನೋಡಿದ್ದು ರೂಮ್ ಎ, ರೂಮ್ ಬಿ. ಅವು ಸಲೀಸಾಗಿ ಹಿಡಿಸಿದ್ದವು. ಅವನಿಗೆ ನಾಚಿಕೆಯಾಯಿತು.

"ಹಾಳೇಲಿ ಹದಿನಾಲ್ಕಿದೆ, ಇಲ್ಲಿ ಹದಿನೈದಿದೆಯಲ್ಲ?"

"ಒಂದು ಹೋದ ವಾರ ನಾನೇ ಸೇರಿಸ್ದೆ," ಎಂದರು ಶಾಂತವೀರಪ್ಪ, ಸ್ವಲ್ಪ ಹೆಮ್ಮೆಯಿಂದಲೇ. "ಚಿಕ್ಕಲಸಂದ್ರದ ಗುರುಸಿದ್ದಪ್ಪನವರದು. ಅವರ ಮಕ್ಕಳ ಎದುರಿಗೇ ಟೈಪ್ ಮಾಡಿ ತೋರಿಸ್ದೆ."

ಅಕಾರಾದಿಯಲ್ಲಿ ಆ ಹೊಸ ಹೆಸರು ನಾಲ್ಕನೆಯ ಸಾಲಿಗೆ ಹೋಗಿ ಕೂತಿತ್ತು. ಅದರ ಕೆಳಗಿದ್ದವರೆಲ್ಲ ಒಂದೊಂದು ಸಾಲು ಇಳಿದಿದ್ದರು. ಜಯದೇವಿಯ ಎಣಿಕೆ ಮಾತ್ರ ಹಳೆಯದೇ.

"ಹೆಸರು ಸ್ವಲ್ಪ ಚಿಕ್ಕದು ಮಾಡ್ಬೋದಾ ಸಾರ್? ಬರೀ ಗುರುಸಿದ್ದಪ್ಪ ಅಂತ?" ಎಂದು ಕೈಲಾಸ್ ಕಾರ್ಯದರ್ಶಿಗಳನ್ನು ಕೇಳಿದ.

"ಬರೀ ಹೆಸರು ಹಿಡಿದು ಕರೆಯೋಕೆ ಅವರೇನು ನಿಮ್ ಕ್ಲಾಸ್‌ಮೇಟಾ?"

ಹೆಸರು ಚಿಕ್ಕದಾಗುವುದಿಲ್ಲವೆಂದ ಮೇಲೆ ಪಟ್ಟಿಯೇ ದೊಡ್ಡದಾಗಬೇಕು. ಕೈಲಾಸ್ ಅಂಗಿಯ ತೋಳು ಮಡಚಿ ಕೂತ. ಪ್ರತಿ ಹೆಸರಿನ ಉದ್ದವನ್ನೂ ಅಳೆದು, ಎಲ್ಲಕ್ಕಿಂತ ಉದ್ದದ್ದು ಹಿಡಿಸುವಷ್ಟು ಅಗಲಕ್ಕೆ ಪಟ್ಟಿ ತೆರೆದುಕೊಳ್ಳುವಂತೆ ಪ್ರೋಗ್ರಾಂ ತಿದ್ದಿದ. ಮೊದಲ ಸಲ, ಬಲಗಡೆ ಮೇಲೆ ಕೆಳಗೆ ಎಳೆಯುವ ಸ್ಕ್ರೋಲ್‌ಬಾರ್ ಕೊನೆಯ ಎರಡಕ್ಷರ ನುಂಗಿಹಾಕಿತು. ಅದಕ್ಕೂ ಜಾಗ ಸೇರಿಸಿದ. ಎರಡನೆಯ ಸಲ ಹೆಸರುಗಳ ಬಾಲ ಪರದೆಯ ಅಂಚು ದಾಟಿ ಹೋಯಿತು. ಇಡೀ ಪಟ್ಟಿಯನ್ನೇ ಎಡಕ್ಕೆ ಸರಿಸಿದ. ಒಂದೂವರೆ ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಜಯದೇವಿ ಪಕ್ಕದಲ್ಲೇ ನಿಂತಿದ್ದರು, ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಈಗ ನೋಡಿ ಮೇಡಂ."

ಜಯದೇವಿ ಪಟ್ಟಿ ತೆರೆದು ಗಟ್ಟಿಯಾಗಿ ಓದಿದರು. "ಲಿಂಗೈಕ್ಯ ಶರಣ ಶ್ರೀ ಗುಬ್ಬಿ ಪರಮಶಿವಯ್ಯನವರ ಸ್ಮರಣಾರ್ಥ ಧರ್ಮಪತ್ನಿ ಲಕ್ಕವ್ವ ಮತ್ತು ಮಕ್ಕಳು." ಮುಂದಿನದು. ಅದರ ಮುಂದಿನದು. ಹದಿನೈದೂ ಮುಗಿಯುವವರೆಗೆ ನಿಲ್ಲಿಸಲಿಲ್ಲ. ಆಮೇಲೆ ನಾಲ್ವರು ಹುಡುಗಿಯರನ್ನೂ ಅವರವರ ಕೊಠಡಿಗೆ ಹಾಕಲು ಅವರಿಗೆ ಐದು ನಿಮಿಷವೂ ಬೇಕಾಗಲಿಲ್ಲ.

ಕೈಲಾಸ್ ಲೆಟರ್ ಬರೆದು ಶಾಂತವೀರಪ್ಪನವರ ಕೈಗೆ ಕೊಟ್ಟ. ತಪ್ಪು ಪ್ರೋಗ್ರಾಮಿನದು, ಆಪರೇಟರ್‌ದಲ್ಲ ಎಂದಿತ್ತು. ಕೆಳಗೆ ಅವನ ಸಹಿ.

"ನಂದೂ ತಪ್ಪಿದೆ ಸಾರ್," ಎಂದರು ಜಯದೇವಿ, ಕಾರ್ಯದರ್ಶಿಗಳ ಕಡೆ ತಿರುಗಿ. "ಕಾಣ್ತಿಲ್ಲ ಅಂತ ಮೊದಲ್ನೇ ದಿನಾನೇ ಹೇಳ್ಬೇಕಿತ್ತು. ಹೇಳಿದ್ರೆ, ಕಣ್ಣು ಹೋಯ್ತು, ವಯಸ್ಸಾಯ್ತು ಅಂತ ಮನೆಗೆ ಕಳಿಸ್ತೀರೇನೋ ಅಂತ ಹೆದರ್ಕೊಂಡೆ."

ಶಾಂತವೀರಪ್ಪ ಲೆಟರನ್ನು ಎರಡು ಸಲ ಓದಿದರು. ಫೋನ್ ಎತ್ತಿ, ಸೋಮವಾರ ಬರುವುದು ಬೇಡವೆಂದು ಆ ಹುಡುಗಿಯ ಮನೆಗೆ ತಿಳಿಸಿದರು. ಫೋನ್ ಇಟ್ಟು ಜಯದೇವಿಯ ಕಡೆ ತಿರುಗಿದರು.

"ಅವತ್ತು ಗುರುಸಿದ್ದಪ್ಪನವರ ಮಕ್ಕಳಿಗೆ, ನೋಡಿ ನಿಮ್ಮ ತಂದೆಯವರ ಹೆಸರು, ಅಂತ ತೋರಿಸಿದ್ನಲ್ಲ," ಎಂದರು ಮೆಲ್ಲಗೆ. "ನಂಗೂ ಕಾಣ್ಲಿಲ್ಲ ಕಣಮ್ಮ. ಸುಮ್ನೆ ಒಂದ್ಕಡೆ ಬೆರಳಿಟ್ಟೆ. ಅವರು ಅಲ್ಲಿಗೇ ಕೈ ಮುಗಿದ್ರು."